ಮ್ಯಾಕ್ರೋ ಚಿತ್ರದಲ್ಲಿ ಬಣ್ಣದ ಕಾಂಟ್ರಾಸ್ಟ್: ಕಣ್ಣಿಗೆ ಕಂಡ ಕೆಂಪು ಪರದೆಯ ಮೇಲೆ ಏಕೆ ಮಂಕಾಗುತ್ತದೆ?

ಇಬ್ಬನಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ಎಂಟು ತಿಂಗಳಿನಿಂದ ಫುಲ್ ಫ್ರೇಮ್ ಕ್ಯಾಮೆರಾಗೆ 100 ಮಿ.ಮೀ. ಮ್ಯಾಕ್ರೋ ಲೆನ್ಸ್ (ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಹಾಕಿಕೊಂಡು ಹೂವು ಮತ್ತು ಕೀಟಗಳ ಚಿತ್ರ ತೆಗೆಯುತ್ತಿದ್ದೇನೆ. ಫೋಕಸ್ ಒಂದು ಮಟ್ಟಿಗೆ ಕೈಗೆ ಹತ್ತಿದೆ, ಬಣ್ಣ ಮಾತ್ರ ಹತ್ತುತ್ತಿಲ್ಲ.

ಮೊನ್ನೆಯ ಒಂದು ಚಿತ್ರವನ್ನೇ ಹೇಳುತ್ತೇನೆ. ಒಣಗಿದ ಕಡ್ಡಿಯ ತುದಿಯಲ್ಲಿ ಕಡುಗೆಂಪು ಬಣ್ಣದ ಏರೋಪ್ಲೇನ್ ಚಿಟ್ಟೆ ಕುಳಿತಿತ್ತು. ಅದರ ಹಿಂದೆ ಒಂದಡಿ ದೂರದಲ್ಲಿ ಹಸಿರು ಹುಲ್ಲು. ಕೆಂಪು ಮತ್ತು ಹಸಿರು ಒಂದಕ್ಕೊಂದು ಎದುರು ಬಣ್ಣಗಳಾದ್ದರಿಂದ ಚಿತ್ರ ತಾನಾಗಿಯೇ ಎದ್ದು ಬರುತ್ತದೆ ಎಂದುಕೊಂಡಿದ್ದೆ. ಕಣ್ಣಿಗಂತೂ ಅದು ಕೆಂಡದಂತೆ ಕಾಣುತ್ತಿತ್ತು. ಎಲ್ಲವೂ ಸ್ಪಷ್ಟವಾಗಿರಲಿ ಎಂದು ಎಫ್/16 (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು) ಇಟ್ಟು, ಮಧ್ಯಾಹ್ನ ಹನ್ನೊಂದರ ಬಿಸಿಲಿನಲ್ಲಿ ತೆಗೆದೆ. ಪರದೆಯ ಮೇಲೆ ನೋಡಿದರೆ ಕೀಟವೂ ಹುಲ್ಲೂ ಒಂದೇ ಗೋಡೆಗೆ ಅಂಟಿಸಿದಂತಿವೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದೆ, ಕೆಂಪು ಬಣ್ಣ ಬಳಿದಂತಾಗಿ ಹೊಟ್ಟೆಯ ಮೇಲಿನ ಸೂಕ್ಷ್ಮ ಗೆರೆಗಳೂ ಮಾಯವಾದವು. ಇದು ಲೆನ್ಸಿನ ಮಿತಿಯೋ, ನಾನು ನೋಡುವ ರೀತಿಯ ತಪ್ಪೋ ತಿಳಿಯುತ್ತಿಲ್ಲ. ಅನುಭವಿಗಳು ದಾರಿ ತೋರಿಸಬೇಕು.

ಹಳೆಯ ಲೆನ್ಸ್

ಲೆನ್ಸಿನಲ್ಲಿ ಏನೂ ದೋಷವಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ: ಅದೇ ಚಿತ್ರದ ಬಣ್ಣವನ್ನೆಲ್ಲ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ. ಕೀಟ ಮತ್ತು ಹುಲ್ಲು ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ಬಂದು ನಿಂತಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕಾಂಟ್ರಾಸ್ಟ್ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಬೆರೆಸುತ್ತೇವೆ. ಬಣ್ಣಗಳ ನಡುವಿನ ವ್ಯತ್ಯಾಸ ಒಂದು, ಬೆಳಕು-ಕತ್ತಲೆಗಳ ನಡುವಿನ ವ್ಯತ್ಯಾಸ ಇನ್ನೊಂದು. ವಸ್ತುವಿನ ಅಂಚನ್ನೂ ಆಕಾರವನ್ನೂ ಗುರುತಿಸಲು ನಮ್ಮ ಕಣ್ಣು ಹೆಚ್ಚಾಗಿ ನೆಚ್ಚಿಕೊಳ್ಳುವುದು ಎರಡನೆಯದನ್ನು. ಪರದೆಯ ಪ್ರಕಾಶವನ್ನು ಲೆಕ್ಕ ಹಾಕುವ ಸೂತ್ರದಲ್ಲಿ ಹಸಿರಿಗೆ ಸುಮಾರು ಶೇ. 72, ಕೆಂಪಿಗೆ ಸುಮಾರು ಶೇ. 21, ನೀಲಿಗೆ ಶೇ. 7ರಷ್ಟು ತೂಕವಿದೆ. ಆದ್ದರಿಂದ ಬಹಳ ಗಾಢವಾದ ಕೆಂಪೂ, ಸಾಧಾರಣ ಹುಲ್ಲಿನ ಹಸಿರೂ ಪ್ರಕಾಶದಲ್ಲಿ ಸರಿಸಮವಾಗಿ ನಿಲ್ಲುವುದು ತೀರ ಸಾಮಾನ್ಯ. ಬಣ್ಣ ಎದುರಾದರೂ ಬೆಳಕು ಒಂದೇ ಆದಾಗ ಅಂಚು ಕರಗಿಹೋಗುತ್ತದೆ. ಸ್ಯಾಚುರೇಶನ್ ಎಷ್ಟು ಏರಿಸಿದರೂ ಆ ಅಂಚು ಮರಳಿ ಬರುವುದಿಲ್ಲ.

ಹಾಗಾದರೆ ನೇರವಾಗಿ ನೋಡಿದಾಗ ಏಕೆ ಕೆಂಡದಂತೆ ಕಂಡಿತು? ನಿಮಗೆ ಎರಡು ಕಣ್ಣುಗಳಿದ್ದವು, ಆಳ ಗೊತ್ತಾಗುತ್ತಿತ್ತು, ಗಮನವೆಲ್ಲ ಕೀಟದ ಮೇಲೆಯೇ ಇತ್ತು. ಜೊತೆಗೆ ಪಕ್ಕದ ಹಸಿರು ಆ ಕೆಂಪನ್ನು ಇನ್ನಷ್ಟು ಕೆಂಪಾಗಿ ತೋರಿಸುತ್ತಿತ್ತು. ಈ ಕೊನೆಯ ಮಾತನ್ನು ಕ್ರಮವಾಗಿ ಅಭ್ಯಾಸ ಮಾಡಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೂಲ್. ಅವರು ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಬಣ್ಣದಲ್ಲಿ ಕೊರತೆಯಿರಲಿಲ್ಲ. ಪಕ್ಕದಲ್ಲಿ ನೇಯ್ದ ನೂಲುಗಳ ಬಣ್ಣ ಆ ಕಪ್ಪನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವರು ಪ್ರಕಟಿಸಿದ ನಿಯಮದ ಹುರುಳು ಇಷ್ಟೇ: ಅಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ಆದಷ್ಟೂ ಬೇರೆಯಾಗಿ ಕಾಣಿಸುತ್ತವೆ. ನಮ್ಮ ಕೆಲಸಕ್ಕೆ ಇದರಿಂದ ಸಿಗುವ ಪಾಠವೆಂದರೆ, ಕೀಟದ ಬಣ್ಣವನ್ನು ನಾವು ಬದಲಿಸಲಾರೆವು, ಅದರ ನೆರೆಯನ್ನು ಬದಲಿಸಬಲ್ಲೆವು. ನಾನು ಈಗೀಗ ಕೀಟ ಕಂಡ ಕೂಡಲೇ ಕ್ಯಾಮೆರಾ ಎತ್ತುವುದಿಲ್ಲ. ಅದರ ಹಿಂದೆ ಏನಿದೆ, ಅದರ ಮೇಲೆ ಬಿಸಿಲಿದೆಯೋ ನೆರಳಿದೆಯೋ ಎಂದು ಮೊದಲು ನೋಡುತ್ತೇನೆ.

ಹಿನ್ನೆಲೆಯನ್ನು ಬದಲಿಸುವುದು ಮ್ಯಾಕ್ರೋದಲ್ಲಿ ಇರುವಷ್ಟು ಸುಲಭ ಬೇರೆಲ್ಲೂ ಇಲ್ಲ. ಲೆನ್ಸಿನಿಂದ ಕೀಟಕ್ಕೆ 20 ಸೆಂ.ಮೀ., ಕೀಟದಿಂದ ಹಿಂದಿನ ಪೊದೆಗೆ 2 ಮೀಟರ್ ಇದೆ ಎಂದುಕೊಳ್ಳಿ. ಕೀಟವನ್ನು ಚೌಕಟ್ಟಿನ ನಡುವೆಯೇ ಇಟ್ಟುಕೊಂಡು ನೀವು ಬಲಕ್ಕೆ 3 ಸೆಂ.ಮೀ. ಸರಿದರೆ, ಅದರ ಹಿಂದೆ ಬರುವ ಜಾಗ ಎಡಕ್ಕೆ 30 ಸೆಂ.ಮೀ. ಸರಿದಿರುತ್ತದೆ. ಎರಡು ಬೆರಳಗಲದ ಚಲನೆಯಲ್ಲಿ ಬಿಸಿಲಿನ ಹುಲ್ಲು ಹೋಗಿ ನೆರಳಿನ ಪೊದೆ ಬರುತ್ತದೆ. ಕೀಟದ ಭಂಗಿಯಂತೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಕಂಬಳಿಹುಳು

ಮೇಲಿನವರ ಮಾತಿಗೆ ಎಫ್/16ರ ವಿಷಯವನ್ನು ಸೇರಿಸುತ್ತೇನೆ. ಆ ಚಿತ್ರ ಕೆಡಲು ಅದರ ಪಾಲೂ ದೊಡ್ಡದು.

ಏರೋಪ್ಲೇನ್ ಚಿಟ್ಟೆ ಪೂರ್ತಿಯಾಗಿ ಚೌಕಟ್ಟಿನಲ್ಲಿ ಬರಬೇಕಾದರೆ ನೀವು 1:2ರ ಆಸುಪಾಸಿನಲ್ಲಿ, ಅಂದರೆ ಸೆನ್ಸರಿನ ಮೇಲೆ ನಿಜ ಗಾತ್ರದ ಅರ್ಧದಷ್ಟು ಬಿಂಬ ಬೀಳುವಂತೆ ತೆಗೆದಿರಬೇಕು. ಅಲ್ಲಿ ಚೌಕಟ್ಟಿನ ಅಗಲ 72 ಮಿ.ಮೀ. 100 ಮಿ.ಮೀ. ಲೆನ್ಸಿನಲ್ಲಿ ಎಫ್/16 ಎಂದರೆ ಸುಮಾರು 6 ಮಿ.ಮೀ. ಅಗಲದ ಕಿಂಡಿ. ಒಂದಡಿ ಹಿಂದಿರುವ ಹುಲ್ಲಿನ ಪ್ರತಿ ಬಿಂದುವೂ ಈ ಚೌಕಟ್ಟಿನಲ್ಲಿ 4 ಮಿ.ಮೀ. ಕೂಡ ಹರಡುವುದಿಲ್ಲ. ಹುಲ್ಲಿನ ಎಸಳುಗಳು ಗೆರೆಗೆರೆಯಾಗಿ ಉಳಿದು, ಕೀಟದ ಕಾಲು ಮತ್ತು ರೆಕ್ಕೆಯ ನರಗಳ ಜೊತೆ ಸಿಕ್ಕುಬೀಳುತ್ತವೆ. ಎಫ್/5.6ಕ್ಕೆ ಬಂದರೆ ಅದೇ ಬಿಂದು ಸುಮಾರು 11 ಮಿ.ಮೀ. ಹರಡುತ್ತದೆ, ಹಿನ್ನೆಲೆ ಎರಡು ಮೀಟರ್ ದೂರದಲ್ಲಿದ್ದರಂತೂ 16 ಮಿ.ಮೀ. ದಾಟುತ್ತದೆ. ಆಗ ಹುಲ್ಲು ಹುಲ್ಲಾಗಿ ಉಳಿಯದೆ ಬರೀ ಬಣ್ಣವಾಗುತ್ತದೆ. ಹಿನ್ನೆಲೆ ನುಣುಪಾದ ಬಣ್ಣವಾಗಿದ್ದರೆ ಮಾತ್ರ ಅದು ಕೀಟದ ಬಣ್ಣಕ್ಕೆ ಎದುರಾಗಿ ನಿಲ್ಲಬಲ್ಲದು ಎಂಬುದು ನನ್ನ ಅನುಭವ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಹತ್ತಿರ ಹೋದಂತೆ ಕ್ಯಾಮೆರಾದಲ್ಲಿ ಇಟ್ಟ ಎಫ್ ಸಂಖ್ಯೆ ನಿಜವಾಗಿ ಕೆಲಸ ಮಾಡುವ ಸಂಖ್ಯೆಯಾಗಿ ಉಳಿಯುವುದಿಲ್ಲ. ಸಾಧಾರಣ ಲೆಕ್ಕದಲ್ಲಿ ಅದು ವರ್ಧನೆಯ ಜೊತೆಗೆ ಬೆಳೆಯುತ್ತದೆ: 1:2ರಲ್ಲಿ ಎಫ್/16 ಇಟ್ಟರೆ ಎಫ್/24ರಂತೆ, 1:1ರಲ್ಲಿ ಎಫ್/32ರಂತೆ ವರ್ತಿಸುತ್ತದೆ. 1:1ರಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ಬೆಳಕು ನಷ್ಟವಾಗುವುದರ ಜೊತೆಗೆ ಡಿಫ್ರಾಕ್ಷನ್ ಕಾಟವೂ ಶುರುವಾಗುತ್ತದೆ. ಕಿಂಡಿ ತೀರ ಕಿರಿದಾದಾಗ ಬೆಳಕು ಅಂಚಿನಲ್ಲಿ ಹರಡಿ, ಒಂದು ಬಿಂದು ಸೆನ್ಸರಿನ ಮೇಲೆ ಚಿಕ್ಕ ತಟ್ಟೆಯಾಗುತ್ತದೆ. ಎಫ್/32ರಲ್ಲಿ ಆ ತಟ್ಟೆಯ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ 43 ಭಾಗ. ಕೇಳಲು ಚಿಕ್ಕದೆನಿಸಿದರೂ, ನೊಣದ ಕಣ್ಣಿನ ಜೇನುಗೂಡಿನಂಥ ವಿನ್ಯಾಸವನ್ನು ಮಸುಕುಗೊಳಿಸಲು ಅಷ್ಟು ಧಾರಾಳವಾಗಿ ಸಾಕು. ಸೂಕ್ಷ್ಮ ವಿವರಗಳ ಕಾಂಟ್ರಾಸ್ಟ್ ಹೋಯಿತೆಂದರೆ ಬಣ್ಣವೂ ಮಂಕಾಗಿ ಕಾಣುತ್ತದೆ.

ಇಬ್ಬನಿ

ಕಪ್ಪು-ಬಿಳುಪು ಮಾಡಿ ನೋಡಿದೆ. ಕೀಟದ ಬಾಲ ಎಲ್ಲಿ ಮುಗಿಯುತ್ತದೆ, ಹುಲ್ಲು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಾಯಿತು! ಇಬ್ಬರಿಗೂ ಧನ್ಯವಾದಗಳು.

ಆದರೆ ಒಂದು ತೊಡಕಿದೆ. ಎಫ್/5.6ಕ್ಕೆ ಬಂದರೆ ತಲೆ ಸ್ಪಷ್ಟವಾಗಿ, ಬಾಲ ಮಸುಕಾಗುವುದಿಲ್ಲವೇ? ಹಿನ್ನೆಲೆಗಾಗಿ ಕೀಟವನ್ನೇ ಅರ್ಧ ಬಿಟ್ಟುಕೊಡಬೇಕೇ?

ಕಂಬಳಿಹುಳು

ಒಳ್ಳೆಯ ಪ್ರಶ್ನೆ. 1:2ರಲ್ಲಿ ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 3 ಮಿ.ಮೀ.; 1:1ರಲ್ಲಿ 1 ಮಿ.ಮೀ. ಮಾತ್ರ. ಎಫ್/5.6ರಲ್ಲಿ ಇನ್ನೂ ಕಡಿಮೆ. ಈ ತೆಳುವಾದ ಪದರವನ್ನು ಕೀಟದ ದೇಹದ ಉದ್ದಕ್ಕೂ ಹೊಂದಿಸುವುದೇ ಉಪಾಯ. ಪಕ್ಕದಿಂದ ತೆಗೆಯುವಾಗ ಸೆನ್ಸರಿನ ಹಲಗೆ ಮತ್ತು ಕೀಟದ ಬೆನ್ನುಹುರಿಯಂಥ ನಡುಗೆರೆ ಸಮಾನಾಂತರವಾಗಿರುವಂತೆ ನಿಂತರೆ ಕಣ್ಣಿನಿಂದ ಬಾಲದ ತುದಿಯವರೆಗೆ ಎಲ್ಲವೂ ಆ 3 ಮಿ.ಮೀ.ಯೊಳಗೆ ಬರುತ್ತದೆ. ಹತ್ತಿರದ ರೆಕ್ಕೆ ಸ್ವಲ್ಪ ಮೃದುವಾಗುತ್ತದೆ. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಕೀಟ ಅಲುಗಾಡದೆ ಕುಳಿತಿದ್ದರೆ, ಗಾಳಿಯೂ ಇಲ್ಲದಿದ್ದರೆ, ಫೋಕಸ್ ಸ್ಟ್ಯಾಕಿಂಗ್ ಇದ್ದೇ ಇದೆ. ಎಫ್/5.6ರಲ್ಲಿ ಫೋಕಸನ್ನು ಚೂರುಚೂರೇ ಮುಂದೊತ್ತುತ್ತ ಹತ್ತು-ಹದಿನೈದು ಚಿತ್ರ ತೆಗೆದು ಸೇರಿಸಿದರೆ, ಕೀಟ ಪೂರ್ತಿ ಸ್ಪಷ್ಟವಾಗಿಯೂ ಹಿನ್ನೆಲೆ ಎಫ್/5.6ರ ನುಣುಪಿನಲ್ಲಿಯೂ ಉಳಿಯುತ್ತದೆ. ಮುಂಜಾನೆ ತಂಪಿನಲ್ಲಿ ಕೀಟಗಳು ತಾವಾಗಿಯೇ ನಿಶ್ಚಲವಾಗಿರುತ್ತವೆ. ಆ ನಿಶ್ಚಲತೆಗಾಗಿ ಕೀಟವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ತರುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಬೆಳಕಿನೆಳೆ

ಇಲ್ಲಿಯವರೆಗೆ ಹಿನ್ನೆಲೆಯ ಮಾತಾಯಿತು. ಹನ್ನೊಂದು ಗಂಟೆಯ ಬಿಸಿಲನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಎಲೆಯ ಮೇಲೆ ಮೇಣದಂಥ ಪದರವಿರುತ್ತದೆ, ಕೀಟದ ಕವಚವೂ ನುಣುಪಾಗಿರುತ್ತದೆ. ನೆತ್ತಿಯ ಬಿಸಿಲು ಇವುಗಳ ಮೇಲೆ ಬಿದ್ದಾಗ ಒಂದು ಭಾಗ ಒಳಗೆ ಹೋಗಿ ಬಣ್ಣ ಹೊತ್ತು ಹೊರಬರುತ್ತದೆ, ಇನ್ನೊಂದು ಭಾಗ ಮೇಲ್ಮೈಯಿಂದಲೇ ಕನ್ನಡಿಯಂತೆ ಚಿಮ್ಮುತ್ತದೆ. ಚಿಮ್ಮಿದ ಈ ಹೊಳಪು ಬಿಸಿಲಿನ ಬಿಳುಪನ್ನೇ ಹೊತ್ತಿರುವುದರಿಂದ ಬಣ್ಣದ ಮೇಲೆ ಹಾಲು ಚೆಲ್ಲಿದಂತೆ ಮುಚ್ಚಿಕೊಳ್ಳುತ್ತದೆ. ಸ್ಯಾಚುರೇಶನ್ ಏರಿಸಿದರೆ ಹೊಳಪಿನ ಕೆಳಗಿನ ಬಣ್ಣ ಬರುವುದಿಲ್ಲ. ಹೊಳಪಿಲ್ಲದ ಜಾಗದ ಬಣ್ಣ ಅತಿಯಾಗುತ್ತದೆ, ಅಷ್ಟೇ. ಲೆನ್ಸಿನ ಮುಂದೆ ಹಾಕುವ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಪೋಲರೈಸರ್ ಫಿಲ್ಟರನ್ನು ತಿರುಗಿಸಿ ನೋಡಿದರೆ ಒಂದು ಕೋನದಲ್ಲಿ ಎಲೆಯ ಬಿಳುಪು ಜಾರಿಹೋಗಿ ಗಾಢ ಹಸಿರು ಹೊರಬರುವುದು ಕಣ್ಣಿಗೇ ಕಾಣುತ್ತದೆ. ಇದಕ್ಕೆ ಒಂದರಿಂದ ಎರಡು ಸ್ಟಾಪ್ ಬೆಳಕು ತೆರಬೇಕಾಗುತ್ತದೆ. ಗಾಳಿಯಲ್ಲಿ ಕೈಯಲ್ಲೇ ಹಿಡಿದು ತೆಗೆಯುವವರಿಗೆ ಅದು ಸಣ್ಣ ಬೆಲೆಯಲ್ಲ.

ಪೋಲರೈಸರಿಗೆ ಬಗ್ಗದ ಹೊಳಪೂ ಇದೆ. ಚಿನ್ನದಂತೆ, ಪಚ್ಚೆಯಂತೆ ಮಿನುಗುವ ಕೆಲವು ಜೀರುಂಡೆಗಳ ಬಣ್ಣ ಬಣ್ಣದ ಕಣಗಳಿಂದ ಬಂದುದಲ್ಲ. ಕವಚದ ಅತಿ ಸೂಕ್ಷ್ಮ ಪದರಗಳ ರಚನೆಯಿಂದ ಬಂದುದು. ಅಂಥ ಒಂದು ಜೀರುಂಡೆಯಿಂದ ಪ್ರತಿಫಲಿಸಿದ ಬೆಳಕು ಸುರುಳಿಯಂತೆ ತಿರುಗುವ ರೀತಿಯಲ್ಲಿ ಧ್ರುವೀಕೃತವಾಗಿರುತ್ತದೆ ಎಂದು ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್ಸನ್ 1911ರಲ್ಲೇ ತೋರಿಸಿದ್ದರು. ಇಂಥ ಬೆಳಕಿಗೆ ಫಿಲ್ಟರನ್ನು ಯಾವ ಕೋನಕ್ಕೆ ತಿರುಗಿಸಿದರೂ ಒಂದೇ. ನಮಗಿದು ಅನುಕೂಲವೇ: ಫಿಲ್ಟರ್ ತಿರುಗಿಸಿದಾಗ ಎಲೆಯ ಹೊಳಪು ಇಳಿಯುತ್ತದೆ, ಜೀರುಂಡೆಯ ಮಿನುಗು ಉಳಿಯುತ್ತದೆ.

ಫ್ಲ್ಯಾಶ್ ಬಳಸುವವರಾದರೆ ಬೆಳಕನ್ನು ಹರಡಿ ಮೃದುವಾಗಿಸುವ ಡಿಫ್ಯೂಸರನ್ನು ಕೀಟಕ್ಕೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ತನ್ನಿ. ಕೀಟದ ದೃಷ್ಟಿಯಿಂದ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ಹೊಳಪಿನ ಗಡುಸುತನ ನಿಂತಿದೆ. ಫ್ಲ್ಯಾಶ್ ಕೀಟದಿಂದ 15 ಸೆಂ.ಮೀ., ಹಿನ್ನೆಲೆ ಫ್ಲ್ಯಾಶಿನಿಂದ 60 ಸೆಂ.ಮೀ. ಇದ್ದರೆ ಹಿನ್ನೆಲೆಗೆ ಸಿಗುವುದು ಹದಿನಾರನೇ ಒಂದು ಭಾಗದ ಬೆಳಕು. ಹಿನ್ನೆಲೆ ಕಪ್ಪಾಗುತ್ತದೆ, ಯಾವ ಬಣ್ಣದ ಕೀಟವಾದರೂ ಎದ್ದು ಕಾಣುತ್ತದೆ. ನಿಮ್ಮ ಕೆಂಪು ಕೀಟಕ್ಕೆ ಇದು ಅತ್ಯಂತ ಸುಲಭದ ಪರಿಹಾರ.

ಹಳೆಯ ಲೆನ್ಸ್

ಬೆಳಕಿನೆಳೆಯವರ ಹೊಳಪಿನ ವಿವರಣೆಯನ್ನು ಪೂರ್ತಿ ಒಪ್ಪುತ್ತೇನೆ, ಕೊನೆಯ ಪರಿಹಾರವನ್ನು ಒಪ್ಪಲಾರೆ. ಬಿಸಿಲಿಗೆ ಬದುಕುವ ಕೀಟವನ್ನು ಕಪ್ಪು ಹಿನ್ನೆಲೆಯಲ್ಲಿ ತೋರಿಸಿದರೆ ನೋಡುವವರು ಅದನ್ನು ರಾತ್ರಿಯ ಜೀವಿಯೆಂದು ತಿಳಿಯುತ್ತಾರೆ. ಅದು ಎಲ್ಲಿ ಕುಳಿತಿತ್ತು, ಸುತ್ತ ಏನಿತ್ತು ಎಂಬ ಸುಳಿವೂ ಇರುವುದಿಲ್ಲ. ರೆಕ್ಕೆಯ ಕಪ್ಪು ಅಂಚು, ಕಪ್ಪು ಕಾಲು, ಮೀಸೆ ಎಲ್ಲವೂ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತವೆ. ಶಟರಿನ ವೇಗವನ್ನು ಇಳಿಸಿ ಅಥವಾ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ, ಹಿನ್ನೆಲೆಯ ಸಹಜ ಬೆಳಕು ಫ್ಲ್ಯಾಶಿಗಿಂತ ಒಂದೂವರೆ-ಎರಡು ಸ್ಟಾಪ್ ಮಾತ್ರ ಕೆಳಗಿರುವಂತೆ ನೋಡಿಕೊಂಡರೆ, ಕೀಟವೂ ಎದ್ದು ಕಾಣುತ್ತದೆ, ಹಿಂದಿನ ಹಸಿರೂ ಹಸಿರಾಗಿ ಉಳಿಯುತ್ತದೆ.

ಬೆಳಕಿನೆಳೆ

ಕಪ್ಪು ಮೀಸೆಯ ಮಾತು ನಿಜ, ನನ್ನ ಹಲವು ಚಿತ್ರಗಳಲ್ಲಿ ಹಾಗೆ ಆಗಿದೆ. ಬಿಳಿಯ ಜೇಡ, ತಿಳಿಹಳದಿ ಹೂವಿನಂಥ ವಿಷಯಗಳಿಗೆ ಮಾತ್ರ ಕಪ್ಪು ಹಿನ್ನೆಲೆಯನ್ನು ಇಟ್ಟುಕೊಳ್ಳುವುದು ಲೇಸು ಎಂದು ತಿದ್ದಿಕೊಳ್ಳುತ್ತೇನೆ.

ಮುಳ್ಳುಗಂಟಿ

ಇಡೀ ಚರ್ಚೆ ಕೀಟವನ್ನು ಹೇಗೆ ಎದ್ದು ಕಾಣಿಸುವುದು ಎಂಬ ಕಡೆಗೇ ಹರಿಯುತ್ತಿದೆ. ನನಗೆ ಬೇರೆಯದೇ ಒಂದು ಕಳಕಳಿಯಿದೆ. ಹಸಿರು ಮಿಡತೆ ಹಸಿರು ಎಲೆಯ ಮೇಲೆ ಕುಳಿತಿರುವುದು ಕಾಣಿಸದಿರಲೆಂದೇ. ಅದನ್ನು ಕೆಂಪು ಹೂವಿನ ಮುಂದೆ ತಂದು ನಿಲ್ಲಿಸಿದರೆ ಬಣ್ಣದ ಕಾಂಟ್ರಾಸ್ಟ್ ಸಿಗುತ್ತದೆ, ಮಿಡತೆಯ ಬದುಕಿನ ಸತ್ಯ ಕಳೆದುಹೋಗುತ್ತದೆ. ಕೆಂಪು-ಕಪ್ಪು ಗುಲಗಂಜಿ ಹುಳುವಿನದು ಇದಕ್ಕೆ ತದ್ವಿರುದ್ಧ; ತಾನು ತಿನ್ನಲು ಯೋಗ್ಯವಲ್ಲ ಎಂದು ಹಕ್ಕಿಗಳಿಗೆ ಸಾರುವುದಕ್ಕೇ ಅದು ಆ ಬಣ್ಣ ತೊಟ್ಟಿದೆ. ಅದನ್ನು ಎಷ್ಟು ಎದ್ದು ಕಾಣಿಸಿದರೂ ಅದರ ಸ್ವಭಾವಕ್ಕೆ ನ್ಯಾಯವೇ. ಕಾಂಟ್ರಾಸ್ಟ್ ಎಷ್ಟು ಬೇಕು ಎಂಬುದನ್ನು ಜೀವಿಯನ್ನು ನೋಡಿ ನಿರ್ಧರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಹಾಗೆಂದು ಮಿಡತೆಯ ಚಿತ್ರ ಸಪ್ಪೆಯಾಗಬೇಕಿಲ್ಲ. ಒಂದೇ ಹಸಿರಿನೊಳಗೆ ಹಳದಿಯ ಕಡೆಗೆ ವಾಲಿದ ಹಸಿರು, ನೀಲಿಯ ಕಡೆಗೆ ವಾಲಿದ ಹಸಿರು ಎಂದು ಎಷ್ಟೋ ಛಾಯೆಗಳಿವೆ. ಎಳೆಯ ಎಲೆಯನ್ನು ಬಿಸಿಲಿಗೆ ಎದುರಾಗಿ ನೋಡಿದರೆ ಬೆಳಕು ಅದರೊಳಗಿಂದ ತೂರಿಬಂದು ಅದು ಹಳದಿ-ಹಸಿರಾಗಿ ಹೊತ್ತಿಕೊಳ್ಳುತ್ತದೆ. ಅದರ ಮೇಲೆ ಕುಳಿತ ಮಿಡತೆಯ ದೇಹ ದಪ್ಪವಾದ್ದರಿಂದ ಬೆಳಕು ತೂರುವುದಿಲ್ಲ, ಅದು ಗಾಢ ಹಸಿರಿನ ಆಕಾರವಾಗಿ ನಿಲ್ಲುತ್ತದೆ. ಬಣ್ಣ ಒಂದೇ, ಬೆಳಕು ಬೇರೆ. ಇಂಥ ಒಂದು ಚಿತ್ರದಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಮಿಡತೆಯ ಹಿಂಗಾಲಿನ ಮುಳ್ಳುಗಳ ತುದಿಯ ಮೇಲೆ. ಒಂದೊಂದು ಮುಳ್ಳಿನ ತುದಿಯೂ ಕಂದುಗೆಂಪಾಗಿತ್ತು, ಇಡೀ ಚೌಕಟ್ಟಿನಲ್ಲಿ ಹಸಿರಲ್ಲದ್ದು ಅದೊಂದೇ. ಸಾಸಿವೆಗಿಂತ ಚಿಕ್ಕದಾದ ಆ ಕೆಂಪಿನ ಕಾಂಟ್ರಾಸ್ಟ್, ಅರ್ಧ ಚೌಕಟ್ಟನ್ನು ತುಂಬಿದ ಕೆಂಪು ಹೂವಿಗಿಂತ ಹೆಚ್ಚು ಕೆಲಸ ಮಾಡಿತು.

ಇಬ್ಬನಿಯವರ ಹೆಸರೇ ನೆನಪಿಸುವಂತೆ, ಹನಿಯೊಂದು ಕೂಡ ಇಂಥ ಸಹಾಯ ಮಾಡುತ್ತದೆ. ಹುಲ್ಲಿನ ತುದಿಯಲ್ಲಿ ತೂಗುವ ಹನಿ ತಾನೇ ಒಂದು ಲೆನ್ಸ್. ಹಿಂದೆ ಮಸುಕಾಗಿರುವ ಹೂವು ಅದರೊಳಗೆ ತಲೆಕೆಳಗಾಗಿ, ಚೊಕ್ಕವಾಗಿ ಕಾಣುತ್ತದೆ. ಅಲ್ಲಿ ಫೋಕಸ್ ಮಾಡುವಾಗ ಹನಿಯ ಅಂಚಿಗಲ್ಲ, ಒಳಗಿನ ಬಿಂಬಕ್ಕೆ ಮಾಡಬೇಕು. ಎರಡೂ ಒಂದೇ ದೂರದಲ್ಲಿ ಇರುವುದಿಲ್ಲ.

ಕಂಬಳಿಹುಳು

ಸ್ಯಾಚುರೇಶನ್ ಏರಿಸಿದಾಗ ಗೆರೆಗಳು ಮಾಯವಾದವು ಎಂದು ಇಬ್ಬನಿಯವರು ಬರೆದದ್ದಕ್ಕೆ ಉತ್ತರಿಸುವುದು ಉಳಿದಿತ್ತು. ಅಲ್ಲಿ ಆಗಿರುವುದು ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬೆಳಕಿನ ದಾಖಲೆ) ತುಂಬಿ ಹರಿದದ್ದು. ಒಂದೇ ಗೆರೆಯಾಗಿ ಕಾಣುವ ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಒಟ್ಟು ಪ್ರಕಾಶವನ್ನು ತೋರಿಸುತ್ತದೆ; ಅದರಲ್ಲಿ ಹಸಿರಿನದೇ ಮೇಲುಗೈ. ಕೆಂಪು ಚಾನೆಲ್ ಬಲತುದಿಗೆ ಬಡಿದಿದ್ದರೂ ಅದು ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿರುತ್ತದೆ. ಮೂರು ಬಣ್ಣಗಳ ಹಿಸ್ಟೋಗ್ರಾಂ ತೆರೆದಿಟ್ಟುಕೊಂಡು, ಕೆಂಪು ಅಥವಾ ಕಡುಗುಲಾಬಿ ವಿಷಯಗಳಿಗೆ ಮೂರನೇ ಎರಡು ಸ್ಟಾಪಿನಷ್ಟು ಕಡಿಮೆ ಎಕ್ಸ್‌ಪೋಶರ್ ಕೊಡಿ. ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ದಾಖಲೆ) ತೆಗೆಯಿರಿ. ಪೊದೆಯ ನಡುವೆ ಎಲ್ಲ ಕಡೆಯಿಂದ ಹಸಿರು ಬೆಳಕು ಚೆಲ್ಲುವುದರಿಂದ ಬಿಳಿಯು ಬಿಳಿಯಾಗಿಯೇ ಕಾಣುವಂತೆ ಬಣ್ಣವನ್ನು ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ಆಗಾಗ ತಪ್ಪುತ್ತದೆ. ಒಂದು ಬೂದು ಕಾರ್ಡಿನ ಚಿತ್ರ ತೆಗೆದಿಟ್ಟುಕೊಂಡರೆ ಆಮೇಲೆ ಊಹಿಸುವ ಕಷ್ಟ ತಪ್ಪುತ್ತದೆ.

ಇಬ್ಬನಿ

ಹತ್ತು ದಿನಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಅದೇ ಜಾಗಕ್ಕೆ ಈ ಸಲ ಬೆಳಗ್ಗೆ ಆರೂವರೆಗೆ ಹೋದೆ. ಅದೇ ಜಾತಿಯ ಕೆಂಪು ಏರೋಪ್ಲೇನ್ ಚಿಟ್ಟೆ ಮೈಯೆಲ್ಲ ಹನಿ ಹೊತ್ತು ಕಡ್ಡಿಗೆ ಅಂಟಿಕೊಂಡಿತ್ತು. ಕ್ಯಾಮೆರಾ ಎತ್ತದೆ ಮೊದಲು ಮಂಡಿಯೂರಿ ಕುಳಿತು ಅದರ ಹಿಂದೆ ಏನಿದೆ ಎಂದು ನೋಡಿದೆ. ಎಡಕ್ಕೆ ಬೆಳಕು ಬಿದ್ದ ಹುಲ್ಲು, ಬಲಕ್ಕೆ ಇನ್ನೂ ನೆರಳಿನಲ್ಲಿದ್ದ ಪೊದೆ. ಕೀಟದ ಹಿಂದೆ ಪೊದೆ ಬರುವಂತೆ ಎರಡು ಬೆರಳಷ್ಟು ಸರಿದಾಗ, ಹಿನ್ನೆಲೆ ನೀಲಿ ಬೆರೆತ ಕಪ್ಪು-ಹಸಿರಿಗೆ ತಿರುಗಿತು. ಎಳೆಬಿಸಿಲು ಕೀಟದ ಮೇಲೆ ಮಾತ್ರ ಬೀಳುತ್ತಿತ್ತು. ಎಫ್/8 ಇಟ್ಟು, ದೇಹಕ್ಕೆ ಸಮಾನಾಂತರವಾಗಿ ನಿಂತು, ಕೆಂಪು ಚಾನೆಲ್ ಅಂಚಿಗೆ ಮುಟ್ಟದಂತೆ ತೆಗೆದೆ. ಈ ಸಲ ಕಪ್ಪು-ಬಿಳುಪು ಮಾಡಿದಾಗಲೂ ಕೀಟದ ಅಂಚು ತಲೆಯಿಂದ ಬಾಲದವರೆಗೆ ಬಿಡಿಸಿಟ್ಟಂತೆ ಕಾಣುತ್ತದೆ. ಸ್ಯಾಚುರೇಶನ್ ಮುಟ್ಟಿಲ್ಲ. ಹೊಟ್ಟೆಯ ಮೇಲಿನ ಗೆರೆಗಳಷ್ಟೇ ಅಲ್ಲ, ಎರಡು ಗೆರೆಗಳ ನಡುವೆ ಕೆಂಪು ಸ್ವಲ್ಪ ಕಿತ್ತಳೆಗೆ ತಿರುಗುವುದೂ ತಿಳಿಯುತ್ತದೆ.

ಒಂದು ಕೊರತೆ ಉಳಿದಿದೆ. ರೆಕ್ಕೆಯ ಮೇಲಿನ ಹನಿಗಳಲ್ಲಿ ಆಕಾಶದ ಬಿಳಿ ಚುಕ್ಕೆಗಳು ಬಂದು ಚಿತ್ರದ ಮೇಲ್ಭಾಗ ಗಿಜಿಗುಡುವಂತಾಗಿದೆ. ಪೋಲರೈಸರ್ ಹಾಕಿದರೆ ಕೆಳಗಿನ ಎಲೆಯ ಹೊಳಪು ಹೋಯಿತು, ಹನಿಗಳ ಚುಕ್ಕೆಗಳು ಮಾತ್ರ ಹೋಗಲಿಲ್ಲ.

ಬೆಳಕಿನೆಳೆ

ಹನಿ ದುಂಡಗಿರುವುದರಿಂದ ಅದರ ಮೇಲ್ಮೈಯ ಒಂದೊಂದು ಭಾಗವೂ ಒಂದೊಂದು ಕೋನದಲ್ಲಿ ಬೆಳಕನ್ನು ಚಿಮ್ಮುತ್ತದೆ. ನೀರಿನ ಹೊಳಪನ್ನು ಪೋಲರೈಸರ್ ಪೂರ್ತಿ ತಡೆಯುವುದು ಬೆಳಕು ಸುಮಾರು 53 ಡಿಗ್ರಿ ಕೋನದಲ್ಲಿ ಬಿದ್ದಾಗ ಮಾತ್ರ. ಆದ್ದರಿಂದ ಎಲ್ಲ ಹನಿಗಳನ್ನೂ ಒಂದೇ ತಿರುವಿನಲ್ಲಿ ಹಿಡಿಯಲಾಗದು. ಮುಂದಿನ ಸಲ ಅಂಗೈಯಗಲದ ಒಂದು ಗಾಢ ಬಣ್ಣದ ರಟ್ಟನ್ನು ಕೀಟಕ್ಕೆ ಬೆದರಿಕೆಯಾಗದಂತೆ ನಿಧಾನವಾಗಿ ಮೇಲೆ ಹಿಡಿದು ನೋಡಿ. ಎಳೆಬಿಸಿಲು ಪಕ್ಕದಿಂದ ಬರುವುದರಿಂದ ಅದಕ್ಕೆ ಅಡ್ಡಿಯಾಗುವುದಿಲ್ಲ, ಹನಿಗಳಲ್ಲಿ ಆಕಾಶದ ಬದಲು ರಟ್ಟಿನ ಬಣ್ಣ ಕಾಣುತ್ತದೆ. ಕಪ್ಪಿಗಿಂತ ಕಡುಹಸಿರು ರಟ್ಟು ವಾಸಿ, ಹಿನ್ನೆಲೆಯ ಪೊದೆಯ ಬಣ್ಣಕ್ಕೆ ಅದು ಹೊಂದಿಕೊಳ್ಳುತ್ತದೆ.